ಬೆಟ್ಟದ ಜೀವದ ಕಾಲುದಾರಿ, ನಮ್ಮೂರಿನ ಕಾಲುಸಂಕ

ಶಿವರಾಮ ಕಾರಂತರ ‘ಬೆಟ್ಟದ ಜೀವ’ 1943ರ ಕಾದಂಬರಿ. ನಮ್ಮ ವಾಚನಾಲಯಗಳಲ್ಲಿ ಬೈಂಡು ಬಿಚ್ಚಿ ಮತ್ತೆ ಹೊಲಿಸಿಕೊಂಡ ಪುಸ್ತಕಗಳ ಪೈಕಿ ಇದೊಂದು ಇದ್ದೇ ಇರುತ್ತದೆ. ಇದನ್ನು ಓದಿದವರು ಸಾಮಾನ್ಯವಾಗಿ ಎರಡು ಮಾತು ಹೇಳುವುದುಂಟು. ಒಂದು, ಗೋಪಾಲಯ್ಯನವರಂಥ ಛಲದ ಮನುಷ್ಯ ಕಾಡನ್ನು ಕಡಿದು ತೋಟ ಮಾಡಿದ ಕಥೆ. ಇನ್ನೊಂದು, ಮನೆ ಬಿಟ್ಟುಹೋದ ಮಗನಿಗಾಗಿ ಕಾಯುವ ಅಪ್ಪ ಅಮ್ಮನ ಕಥೆ. ಎರಡೂ ಸರಿ. ಆದರೆ ಈ ಪುಸ್ತಕದಲ್ಲಿ ಮೂರನೆಯದೊಂದು ಉಂಟು. ಅದು ಕಾಲುದಾರಿ. ಅದರ ಬಗ್ಗೆ ವಿಮರ್ಶಕರು ಹೆಚ್ಚು ಮಾತಾಡಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಗಡಿನಾಡಿನ ಹಳ್ಳಿಯಲ್ಲಿ ಕೂತು ಓದುವ ನಮಗಾದರೋ ಈಗ ಅದೇ ಮುಖ್ಯವಾಗಿ ಕಾಣುತ್ತದೆ. ಯಾಕೆಂದರೆ ಅಂಥ ದಾರಿಗಳು ನಮ್ಮ ಕಣ್ಣೆದುರೇ ಒಂದೊಂದಾಗಿ ಕಡಿದುಹೋಗುತ್ತಿವೆ.

ಕಥೆ ಹೇಗೆ ಶುರುವಾಗುತ್ತದೆ, ನೆನಪು ಮಾಡಿಕೊಳ್ಳಿ. ಸುಬ್ರಹ್ಮಣ್ಯದ ಕಡೆಯಿಂದ ಪಂಜಕ್ಕೆ ನಡೆದು ಹೊರಟ ಕಥೆಗಾರನಿಗೆ ಮುಸ್ಸಂಜೆ ಹೊತ್ತಿಗೆ ದಾರಿ ತಪ್ಪುತ್ತದೆ. ದೇರಣ್ಣ, ಬಟ್ಯ ಎಂಬ ಇಬ್ಬರು ಸಿಗುತ್ತಾರೆ. ಅವರು ಇವನನ್ನು ಗೋಪಾಲಯ್ಯನವರ ಮನೆಗೆ ಕರೆದುಕೊಂಡು ಹೋಗುತ್ತಾರೆ. ಒಂದು ರಾತ್ರಿ ಕಳೆಯಲು ಹೋದವನು ದಿನಗಟ್ಟಲೆ ಉಳಿಯುತ್ತಾನೆ. ಇಡೀ ಕಾದಂಬರಿ ಹುಟ್ಟುವುದೇ ದಾರಿ ತಪ್ಪಿದ್ದರಿಂದ ಮತ್ತು ದಾರಿ ಗೊತ್ತಿದ್ದವರು ಸಿಕ್ಕಿದ್ದರಿಂದ. ಅಲ್ಲಿ ಕೈಕಂಬ ಇಲ್ಲ, ಬೋರ್ಡು ಇಲ್ಲ. ದೇರಣ್ಣ ಮತ್ತು ಬಟ್ಯ ಇವರೇ ಬೋರ್ಡು. ಯಾವ ದಾರಿ ಯಾವ ಮನೆಗೆ, ಆ ಮನೆಯವರು ಎಂಥವರು, ಈ ಹೊತ್ತಲ್ಲಿ ಯಾವ ಕಡೆ ಹೋಗಬಾರದು ಎಂಬುದೆಲ್ಲ ಅವರ ಕಾಲಿಗೇ ಗೊತ್ತು.

ಕಾರಂತರ ಕಸುಬುಗಾರಿಕೆ ಇಲ್ಲಿ ದೊಡ್ಡದು. ಅವರು ಕಾಡನ್ನು ನಿಂತು ವರ್ಣಿಸುವುದಕ್ಕಿಂತ ನಡೆದು ತೋರಿಸುತ್ತಾರೆ. ಗೋಪಾಲಯ್ಯನವರ ಮನೆಯಿಂದ ಕಟ್ಟದಮೂಲೆಯ ತೋಟಕ್ಕೆ ಹೋಗುವ ಭಾಗ ಓದಿ ನೋಡಿ. ನಾರಾಯಣ ಮತ್ತು ಲಕ್ಷ್ಮಿ ಎಂಬ ಎಳೆಯ ಸಂಸಾರ ಕಾಡಿನ ಒಳಗೆ ಆ ತೋಟ ನೋಡಿಕೊಂಡು ಇದೆ. ಕಾಡುಪ್ರಾಣಿಗಳ ಕಾಟದ ನಡುವೆ ಅವರ ಬದುಕು ನಿಂತಿರುವುದು ಯಾವುದರ ಮೇಲೆ? ಗೋಪಾಲಯ್ಯನವರ ಮನೆಗೂ ಅವರ ಮನೆಗೂ ನಡುವೆ ಇರುವ ಆ ಒಂದು ಕಾಲುದಾರಿಯ ಮೇಲೆ. ಸುದ್ದಿ, ಧೈರ್ಯ, ಬುದ್ಧಿಮಾತು, ಸಹಾಯಕ್ಕೆ ಒಂದು ಜನ, ಎಲ್ಲ ಬರುವುದು ಅದರಲ್ಲೇ. ಆ ದಾರಿಯನ್ನು ಅಳಿಸಿ ನೋಡಿ. ಕಟ್ಟದಮೂಲೆ ತೋಟವಾಗಿ ಉಳಿಯುವುದಿಲ್ಲ, ಮತ್ತೆ ಕಾಡೇ ಆಗುತ್ತದೆ.

ಹಾಗಾದರೆ ದಾರಿಯ ಬೆಲೆ ಅದರ ಅಗಲದಲ್ಲಿ ಇಲ್ಲ. ಅದು ಎಲ್ಲೆಲ್ಲಿಗೆ ಸೇರುತ್ತದೆ ಎಂಬುದರಲ್ಲಿ ಇದೆ. ಈ ಕಾದಂಬರಿಯಿಂದ ನಾನು ಎತ್ತಿಕೊಳ್ಳುವ ಮಾತು ಇಷ್ಟೇ.

ಇದನ್ನು ನಮ್ಮ ಕಡೆಗೆ ತರುವುದಕ್ಕೆ ಬಲವಂತ ಏನೂ ಬೇಕಾಗಿಲ್ಲ. ಕಾರಂತರು ಇದನ್ನು ಬರೆದ ಕಾಲಕ್ಕೆ ಪಂಜ, ಸುಬ್ರಹ್ಮಣ್ಯ, ಸುಳ್ಯ ಇದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಕಾಸರಗೋಡು ತಾಲೂಕೂ ಇತ್ತು. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದರು. ಗಡಿ ಬದಲಾಯಿತು, ಗುಡ್ಡ ತೋಡು ಬದಲಾಗಲಿಲ್ಲ. ಎಣ್ಮಕಜೆ, ಬದಿಯಡ್ಕ, ಪೈವಳಿಕೆ, ಬೆಳ್ಳೂರು, ದೇಲಂಪಾಡಿ, ಎಲ್ಲಿ ಹೋದರೂ ನೆಲದ ಹೊಂದಾಣಿಕೆ ಒಂದೇ. ಮೇಲೆ ಮುರಕಲ್ಲಿನ ಗುಡ್ಡ, ಕೆಳಗೆ ಬೈಲು, ನಡುವೆ ತೋಡು, ತೋಡಿನ ಎರಡು ಬದಿಗೆ ಅಡಿಕೆ ತೋಟ. ಮನೆಗಳು ಒಂದರ ಪಕ್ಕ ಒಂದು ಇರುವುದಿಲ್ಲ, ಚೆದುರಿಕೊಂಡಿರುತ್ತವೆ. ಹೀಗೆ ಚೆದುರಿದ ಮನೆಗಳನ್ನು ಒಂದು ಊರು ಅಂತ ಮಾಡಿದ್ದು ಯಾವುದು? ಗದ್ದೆಯ ಕಟ್ಟಪುಣಿ, ತೋಡಿನ ಮೇಲೆ ಅಡಿಕೆ ಮರದ ಕಾಲುಸಂಕ, ಬೇಲಿಗೆ ಬಂದಾಗ ದಾಟುವುದಕ್ಕೆ ತಡಮೆ, ಬರೆ ಹತ್ತುವಲ್ಲಿ ಕಡಿದ ಮೆಟ್ಟಿಲು, ಎರಡು ತೋಟದ ನಡುವಿನ ಓಣಿ. ಇವು ಬೇರೆ ಬೇರೆ ಕಂಡರೂ ಒಂದೇ ಸರಪಳಿಯ ಕೊಂಡಿಗಳು. ಶಾಲೆಗೂ ಭಜನಾ ಮಂದಿರಕ್ಕೂ ಮಸೀದಿಗೂ ರೇಷನ್ ಅಂಗಡಿಗೂ ಹಾಲಿನ ಸೊಸೈಟಿಗೂ ಈ ವಾಚನಾಲಯಕ್ಕೂ ಜನ ಬಂದದ್ದು ಇದರಲ್ಲೇ.

ಸರಪಳಿಯ ಗುಣ ಗೊತ್ತಲ್ಲ? ಒಂದು ಕೊಂಡಿ ಹೋದರೆ ಉಳಿದ ಕೊಂಡಿಗಳು ಎಷ್ಟು ಗಟ್ಟಿ ಇದ್ದರೂ ಪ್ರಯೋಜನ ಇಲ್ಲ. ಒಂದು ಲೆಕ್ಕ ಹಾಕಿ ನೋಡುವ. ಮನೆಯಿಂದ ಶಾಲೆಗೆ ತೋಟದ ದಾರಿಯಲ್ಲಿ ಒಂದು ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಆಟಿ ತಿಂಗಳ ಮಳೆಗೆ ಸಂಕ ಹೋಯಿತು, ಮತ್ತೆ ಯಾರೂ ಹಾಕಲಿಲ್ಲ. ಇನ್ನು ರಸ್ತೆ ಸುತ್ತಿ ಹೋಗಬೇಕು, ನಾಲ್ಕು ಕಿಲೋಮೀಟರ್. ಒಂಬತ್ತು ವರ್ಷದ ಮಗು ಅಷ್ಟು ದೂರ ಲಾರಿ ಓಡುವ ರಸ್ತೆ ಬದಿ ನಡೆಯುವುದುಂಟಾ? ಇಲ್ಲ. ಆಟೋ ಗೊತ್ತು ಮಾಡಬೇಕು, ಇಲ್ಲದಿದ್ದರೆ ಅಪ್ಪ ಬೈಕಿನಲ್ಲಿ ಬಿಡಬೇಕು. ಎಂಟು ಹತ್ತು ಅಡಿಯ ಒಂದು ಸಂಕ ಹೋದದ್ದಕ್ಕೆ ಒಂದು ಮನೆಗೆ ತಿಂಗಳು ತಿಂಗಳು ಖರ್ಚು ಬಂತು. ದಾರಿಯ ಉಳಿದ 997 ಮೀಟರ್ ಹಾಗೇ ಇದೆ, ಆದರೆ ನಡೆಯುವವರಿಲ್ಲದೆ ಒಂದೆರಡು ಮಳೆಗಾಲದಲ್ಲಿ ಕಾಡು ಹಿಡಿಯುತ್ತದೆ. ಆಮೇಲೆ ಯಾರಾದರೂ ಅಲ್ಲಿ ಬೇಲಿ ಹಾಕಿದರೆ ಕೇಳುವವರೂ ಇಲ್ಲ. ಅಲ್ಲಿ ದಾರಿ ಇತ್ತು ಎಂದು ಹೇಳುವವರೂ ಕ್ರಮೇಣ ಇರುವುದಿಲ್ಲ.

ಹಾಗಂತ ಹಳೆಯ ದಾರಿಗಳನ್ನು ಬರೀ ಹಾಡಿ ಹೊಗಳಿದರೆ ಅದು ವಿಮರ್ಶೆ ಆಗುವುದಿಲ್ಲ. ಅವು ಎಲ್ಲರ ದಾರಿಗಳಾಗಿದ್ದವಾ ಎಂದು ಕೇಳಲೇಬೇಕು. ಇದೇ ಕೇರಳದಲ್ಲಿ ವೈಕಂ ಎಂಬ ಊರು ಉಂಟು. ಅಲ್ಲಿ 1924ರ ಮಾರ್ಚ್ 30ರಂದು ಶುರುವಾದ ಸತ್ಯಾಗ್ರಹ ದೇವಸ್ಥಾನದ ಒಳಗೆ ಹೋಗಲಿಕ್ಕೆ ಆಗಿರಲಿಲ್ಲ. ದೇವಸ್ಥಾನದ ಸುತ್ತಲಿನ ದಾರಿಯಲ್ಲಿ ನಡೆಯಲಿಕ್ಕೆ. ಬರೀ ನಡೆಯಲಿಕ್ಕೆ! ಇಪ್ಪತ್ತು ತಿಂಗಳ ಹೋರಾಟ ಆಗಿ 1925ರ ನವೆಂಬರಿನಲ್ಲಿ ಮುಗಿದಾಗಲೂ ಮೂರು ದಿಕ್ಕಿನ ದಾರಿ ಮಾತ್ರ ಎಲ್ಲರಿಗೂ ತೆರೆಯಿತು, ಪೂರ್ವದ ದಾರಿ ತೆರೆಯಲಿಲ್ಲ. ಅಂದರೆ ಅಲ್ಲಿಯೂ ಒಂದು ಕೊಂಡಿ ಬಿಟ್ಟೇ ಇತ್ತು. ಆ ಕೊಂಡಿ ಕೂಡಬೇಕಾದರೆ 1936ರ ದೇವಸ್ಥಾನ ಪ್ರವೇಶದ ರಾಜಘೋಷಣೆಯವರೆಗೆ ಕಾಯಬೇಕಾಯಿತು. ನಮ್ಮ ಬೈಲುಗಳಲ್ಲೂ ಎದುರಿಗೆ ದೊಡ್ಡವರು ಬಂದರೆ ಹುಣಿ ಬಿಟ್ಟು ಕೆಸರಿಗೆ ಇಳಿದು ನಿಂತವರ ಮೊಮ್ಮಕ್ಕಳು ಇವತ್ತು ಈ ಪುಸ್ತಕ ಓದುತ್ತಿದ್ದಾರೆ. ಅವರಿಗೆ ಕಟ್ಟಪುಣಿ ಎಂದರೆ ಮಧುರವಾದ ನೆನಪು ಮಾತ್ರ ಆಗಿರಲಾರದು.

ಕಾರಂತರಿಗೆ ಇದು ಗೊತ್ತಿರಲಿಲ್ಲ ಎನ್ನಲಾಗದು. ‘ಬೆಟ್ಟದ ಜೀವ’ಕ್ಕೆ ಹತ್ತು ವರ್ಷ ಮೊದಲು, 1933ರಲ್ಲಿ, ‘ಚೋಮನ ದುಡಿ’ ಬರೆದವರು ಅವರೇ. ಬೇರೆಯವರ ನೆಲದಲ್ಲಿ ಜೀವಮಾನ ದುಡಿದರೂ ಒಂದು ತುಂಡು ಗದ್ದೆ ಬೇಸಾಯಕ್ಕೆ ಸಿಗದವನ ಕಥೆ ಅದು. ಆದರೆ ‘ಬೆಟ್ಟದ ಜೀವ’ದಲ್ಲಿ ಆ ಕಣ್ಣು ಸ್ವಲ್ಪ ಮಂಕಾಗಿದೆ ಎಂದು ನನ್ನ ಅನಿಸಿಕೆ. ದಾರಿ ಗೊತ್ತಿರುವ ಬಟ್ಯ ದಾರಿ ತೋರಿಸಿ ಹಿಂದೆ ಸರಿಯುತ್ತಾನೆ. ಜಗಲಿಯ ಮಾತು ಗೋಪಾಲಯ್ಯನವರದು. ಮನೆಯೊಡತಿ ಶಂಕರಮ್ಮನ ದುಃಖ ನಮ್ಮ ಮನಸ್ಸು ಕಲಕುತ್ತದೆ, ಆದರೆ ಆಕೆ ಹೆಚ್ಚಾಗಿ ಮನೆಯ ಒಳಗೇ ಇದ್ದಾಳೆ. ನಡೆಯುವವರು ಗಂಡಸರು, ಕಾಯುವವಳು ಹೆಂಗಸು. ಇನ್ನೊಂದು ಕೊರತೆಯೂ ಉಂಟು. ಈ ದಾರಿಗಳನ್ನು ಪ್ರತಿ ಮಳೆಗಾಲ ಕಳೆದ ಮೇಲೆ ಸವರಿ, ಮಣ್ಣು ಹಾಕಿ, ಸಂಕ ಕಟ್ಟಿ ಉಳಿಸಿದವರು ಯಾರು ಎಂಬ ಬಗ್ಗೆ ಕಾದಂಬರಿ ಹೆಚ್ಚು ಹೇಳುವುದಿಲ್ಲ. ದಾರಿ ಅಲ್ಲಿ ಗುಡ್ಡ, ಹೊಳೆಗಳ ಹಾಗೆ ತಾನಾಗಿಯೇ ಇದೆ. ನಿಜದಲ್ಲಿ ಯಾವ ದಾರಿಯೂ ತಾನಾಗಿ ಇರುವುದಿಲ್ಲ ಅಲ್ವಾ?

ಹೆಂಗಸರು ನಡೆದರೆ, ಅಲ್ಲ, ಓಡಾಡಿದರೆ ಎಂತ ಆಗುತ್ತದೆ ಎಂಬುದಕ್ಕೆ ಇನ್ನೊಂದು ಪುಸ್ತಕ ತೆಗೆಯಬೇಕು. ಪಿ. ಸಾಯಿನಾಥ್ ಅವರು ಬಡ ಜಿಲ್ಲೆಗಳನ್ನು ಸುತ್ತಿ ಬರೆದ, 1996ರಲ್ಲಿ ಪ್ರಕಟವಾದ ಬರಗಾಲದ ಪುಸ್ತಕ. ಅದು ಕನ್ನಡಕ್ಕೂ ಬಂದಿದೆ. ಅದರಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಹೆಂಗಸರು ಸೈಕಲ್ ಕಲಿತದ್ದರ ಬಗ್ಗೆ ಒಂದು ಬರಹ ಉಂಟು. 1991ರಲ್ಲಿ ಅಲ್ಲಿ ಶುರುವಾದ ಅರಿವೊಳಿ ಎಂಬ ಸಾಕ್ಷರತಾ ಚಳವಳಿಯಲ್ಲಿ ಅಕ್ಷರದ ಜೊತೆಗೆ ಸೈಕಲನ್ನೂ ಕಲಿಸಿದರು. ಆಗ ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಇದಕ್ಕೆ ಒತ್ತು ಕೊಟ್ಟರು. ಕೂಲಿ ಹೆಂಗಸರು, ಕಲ್ಲುಕ್ವಾರಿಯವರು, ಅಂಗನವಾಡಿಯವರು, ಟೀಚರುಗಳು ಸಾವಿರ ಸಾವಿರ ಲೆಕ್ಕದಲ್ಲಿ ಸೈಕಲ್ ಹತ್ತಿದರು. ಲೇಡೀಸ್ ಸೈಕಲ್ ಸಾಲದೆ ಗಂಡಸರ ಸೈಕಲನ್ನೇ ಹಿಡಿದರು. ಅದರ ನಡುವಿನ ಸರಳಿನ ಮೇಲೆ ಮಗುವನ್ನು ಕೂರಿಸಲಿಕ್ಕಾಗುತ್ತದೆ ಎಂಬ ಲಾಭವೂ ಅವರಿಗೆ ಕಂಡಿತು. ಬಸ್ಸಿಗೆ ಕಾಯುವ ಹೊತ್ತು ಉಳಿಯಿತು, ಮಾರಾಟಕ್ಕೆ ಒಂದರ ಬದಲು ನಾಲ್ಕು ಊರು ಸಿಕ್ಕಿತು, ಗಂಡನನ್ನೋ ಅಣ್ಣನನ್ನೋ ಕೇಳಿ ನಿಲ್ಲುವುದು ತಪ್ಪಿತು.

ಸಾಯಿನಾಥ್ ಬರಹದ ಬಲ ಇರುವುದು ಸಣ್ಣ ವಿಷಯವನ್ನು ಸಣ್ಣದೆಂದು ಬಿಡದೆ ನೋಡುವುದರಲ್ಲಿ. ಅಧಿಕಾರಿಗಳ ವರದಿಯಲ್ಲಿ ಒಂದು ಸಾಲೂ ಆಗದ ಸೈಕಲನ್ನು ಅವರು ಅಭಿವೃದ್ಧಿಯ ಅಳತೆಗೋಲು ಮಾಡಿದರು. ಆದರೂ ಓದುಗನ ಗಮನ ಸೈಕಲಿನ ಮೇಲೇ ನಿಂತುಬಿಡುತ್ತದೆ, ಸೈಕಲಿನ ಅಡಿಯ ದಾರಿಗೆ ಇಳಿಯುವುದಿಲ್ಲ. ಪುದುಕ್ಕೋಟ್ಟೈ ಹೆಚ್ಚುಕಡಿಮೆ ಬಯಲು ನೆಲ, ಊರಿಂದ ಊರಿಗೆ ಸೈಕಲ್ ಓಡುತ್ತದೆ. ಅದನ್ನೇ ನಮ್ಮ ಏರುತಗ್ಗಿನ ಊರಿಗೆ ತಂದು ಸೈಕಲ್ ಮಾತ್ರ ಹಂಚಿದರೆ ಅದು ಜಗಲಿಯಲ್ಲಿ ತುಕ್ಕು ಹಿಡಿಯುತ್ತದೆ. ನಮಗೆ ಮೊದಲು ಬೇಕಾದದ್ದು ಬೈಲು ಹಿಡಿದು ಸಮತಟ್ಟಾಗಿ ಹೋಗುವ, ಕಡಿಯದ ದಾರಿ.

ದೂರ ಮತ್ತು ಓದು, ಇವೆರಡರ ಸಂಬಂಧಕ್ಕೆ ಬಿಹಾರದ ಉದಾಹರಣೆ ನಮ್ಮ ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬಂದೀತು. 2006ರಲ್ಲಿ ಅಲ್ಲಿನ ಸರಕಾರ ಒಂಬತ್ತನೇ ಕ್ಲಾಸಿಗೆ ಸೇರಿದ ಹುಡುಗಿಯರಿಗೆ ಸೈಕಲಿಗೆ ಹಣ ಕೊಡುವ ಯೋಜನೆ ಶುರುಮಾಡಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ ನೋಡಿದಾಗ ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತ್ತು. ಹುಡುಗ ಹುಡುಗಿಯರ ನಡುವಿನ ಅಂತರ ಶೇಕಡಾ 40ರಷ್ಟು ಇಳಿದಿತ್ತು. ಹೈಸ್ಕೂಲು ಮೂರು ಕಿಲೋಮೀಟರಿಗಿಂತ ದೂರ ಇದ್ದ ಊರುಗಳಲ್ಲೇ ಪರಿಣಾಮ ಹೆಚ್ಚು. ಮಕ್ಕಳನ್ನು ಶಾಲೆಯಿಂದ ದೂರ ಇಟ್ಟದ್ದರಲ್ಲಿ ಬಡತನದ ಜೊತೆಗೆ ದಾರಿಯ ಪಾಲೂ ದೊಡ್ಡದಿತ್ತು ಎಂದಾಯಿತು.

ಇನ್ನು ಜೋಡಿಸುವುದಕ್ಕೆ ದೊಡ್ಡ ದುಡ್ಡು ಬೇಕು ಎಂಬ ಮಾತು. ಬೆಲ್ಜಿಯಂ ದೇಶದಲ್ಲಿ ಲಿಂಬರ್ಗ್ ಎಂಬ ಪ್ರಾಂತ್ಯ ಉಂಟು. ಕಲ್ಲಿದ್ದಲ ಗಣಿಯ ಸೀಮೆ. 1992ಕ್ಕೆ ಕೊನೆಯ ಗಣಿಯೂ ಮುಚ್ಚಿತು. ಹ್ಯೂಗೋ ಬೊಲ್ಲೆನ್ ಎಂಬ ಗಣಿ ಇಂಜಿನಿಯರ್ ಅಲ್ಲಿ ಒಂದು ಉಪಾಯ ಮಾಡಿದರು. ಹಳ್ಳಿದಾರಿ, ಕಾಲುವೆ ದಂಡೆ, ಗಣಿಯ ಹಳೆಯ ರೈಲುದಾರಿ, ಹೀಗೆ ಇದ್ದವುಗಳನ್ನೇ ಒಂದಕ್ಕೊಂದು ಸೇರಿಸಿ, ದಾರಿ ಕೂಡುವ ಪ್ರತಿ ಜಾಗಕ್ಕೂ ಒಂದು ನಂಬರು ಹಾಕಿದರು. ಸೈಕಲಿನವನು ಮನೆಯಿಂದ ಹೊರಡುವಾಗ ನಾಲ್ಕೈದು ನಂಬರು ಚೀಟಿಯಲ್ಲಿ ಬರೆದುಕೊಂಡರೆ ಸಾಕು, ದಾರಿ ತಪ್ಪುವುದಿಲ್ಲ. 1995ರಲ್ಲಿ ಶುರುವಾದ ಈ ಕ್ರಮ ಈಗ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಎರಡೂ ದೇಶಗಳಲ್ಲಿ ಹಬ್ಬಿದೆ. ನಡೆಯುವವರಿಗೂ ಹಾಗೇ ನಂಬರಿನ ದಾರಿಗಳು ಬಂದಿವೆ. ಹೊರಗಿನಿಂದ ಬಂದವರು ದಾರಿಬದಿಯ ಊರಿನ ಕಾಫಿ ಅಂಗಡಿಯಲ್ಲಿ ಕೂರುತ್ತಾರೆ, ಊರಿಗೂ ಎರಡು ಕಾಸು. ಮೂಲ ಕೆಲಸ ಎಂತದು ನೋಡಿ: ಕಡಿದಲ್ಲಿ ಕೂಡಿಸಿದ್ದು, ಕೂಡಿದಲ್ಲಿ ಗುರುತು ಹಾಕಿದ್ದು. ನಮ್ಮ ದೇರಣ್ಣ, ಬಟ್ಯರ ತಲೆಯಲ್ಲಿ ಇದ್ದದ್ದನ್ನು ಅಲ್ಲಿ ಕಂಬಕ್ಕೆ ಬರೆದರು.

ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ಉಲ್ಟಾ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಹೆದ್ದಾರಿ ಆರು ಪಥದ್ದಾಯಿತು. ವಾಹನಕ್ಕೆ ಒಳ್ಳೆಯದೇ, ಮಂಗಳೂರಿನ ಆಸ್ಪತ್ರೆಗೆ ಬೇಗ ತಲಪಬಹುದು. ಆದರೆ ನಡೆಯುವವನಿಗೆ ಅದು ದಾರಿ ಅಲ್ಲ, ಗೋಡೆ. ಎದುರಿಗೆ ಕಾಣುವ ಅಂಗಡಿಗೆ, ಶಾಲೆಗೆ, ಮಸೀದಿಗೆ, ದೇವಸ್ಥಾನಕ್ಕೆ ಹೋಗಬೇಕಾದರೆ ಅಂಡರ್‌ಪಾಸ್ ಎಲ್ಲಿದೆ ಎಂದು ಹುಡುಕಿ ನಡೆಯಬೇಕು. ಊರೂರಲ್ಲಿ ಜನ ಅಂಡರ್‌ಪಾಸು, ಮೇಲುಸಂಕ ಬೇಕು ಎಂದು ಬೀದಿಗಿಳಿದದ್ದು ಇದಕ್ಕೇ. ಅವರನ್ನು ಅಭಿವೃದ್ಧಿಗೆ ಅಡ್ಡ ಬಂದವರು ಎನ್ನುವುದು ಸರಿಯಲ್ಲ. ಅವರು ಕೇಳಿದ್ದು ಒಂದು ಕೊಂಡಿ ಮಾತ್ರ. ಒಳಗಿನ ಹಳ್ಳಿಗಳಲ್ಲಿ ಕೂಡ ಪಂಚಾಯತು ದಾರಿ ಎಂದರೆ ಜೀಪು ಹೋಗುವ ಕಾಂಕ್ರೀಟು ಅಂತಲೇ ಅರ್ಥ ಆಗಿದೆ. ಒಂದೊಂದು ಮನೆಯ ಗೇಟಿನವರೆಗೆ ಕಾಂಕ್ರೀಟು ಬಂದು ನಿಲ್ಲುತ್ತದೆ, ಆಚೆಮನೆಗೆ ಕೂಡುವುದಿಲ್ಲ. ಮೊದಲು ಊರನ್ನು ಸೇರಿಸುತ್ತಿದ್ದ ದಾರಿ ಈಗ ಮನೆಯನ್ನು ಪೇಟೆಗೆ ಸೇರಿಸುತ್ತದೆ, ನೆರೆಮನೆಯಿಂದ ಬಿಡಿಸುತ್ತದೆ.

ಇದರ ನಷ್ಟ ಯಾರಿಗೆ? ಬೈಕು ಕಾರು ಇಲ್ಲದವರಿಗೆ ಮೊದಲು. ಎಪ್ಪತ್ತು ದಾಟಿದ ಅಜ್ಜಿ ಮೊದಲು ತೋಟದಲ್ಲಿ ಹತ್ತು ನಿಮಿಷ ನಡೆದು ತಂಗಿಯ ಮನೆಗೆ ಹೋಗುತ್ತಿದ್ದರು, ಈಗ ಮಗನಿಗೆ ಪುರುಸೊತ್ತಾಗುವ ಭಾನುವಾರ ಕಾಯಬೇಕು. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುತ್ತದೆ, ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ದಣಿಯಬೇಕು ಎನ್ನುತ್ತದೆ. ಶುಗರು ಬಿಪಿಯವರಿಗೆ ಡಾಕ್ಟರೂ ಅದನ್ನೇ ಹೇಳುವುದು. ನಡೆಯುವುದೆಲ್ಲಿ ಮಾರಾಯ್ರೆ? ಟಿಪ್ಪರ್ ಓಡುವ ರಸ್ತೆಯಲ್ಲೋ? ಶಾಲೆಗೆ, ಸೊಸೈಟಿಗೆ, ವಾಚನಾಲಯಕ್ಕೆ ನಡೆದೇ ಹೋಗುವ ಊರಿನಲ್ಲಿ ಈ 150 ನಿಮಿಷ ಕೇಳದೆಯೇ ತುಂಬುತ್ತದೆ. ದಾರಿಯಲ್ಲಿ ಎರಡು ಮಾತಾಡುವುದು ಬೇರೆ. ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ಎರಡು ದಿನದಿಂದ ಬಾಗಿಲು ತೆರೆದಿಲ್ಲ ಎಂದು ಗೊತ್ತಾಗುವುದು ನಡೆಯುವವರಿಗೆ.

ಹಾಗಾದರೆ ಎಂತ ಮಾಡುವುದು? ಪುಸ್ತಕ ಓದಿ ಮುಚ್ಚಿಡುವುದಕ್ಕಿಂತ ಒಂದೆರಡು ಕೆಲಸ ನಮ್ಮ ಕೈಯಲ್ಲೇ ಉಂಟು. ಶಾಲೆಯ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ವಾರ್ಡಿನ ಕಾಲುದಾರಿಗಳ ನಕ್ಷೆ ಬರೆಯಬಹುದು. ಎಲ್ಲಿ ಸಂಕ ಇತ್ತು, ಎಲ್ಲಿ ತಡಮೆ ಇತ್ತು, ಈಗ ಎಲ್ಲಿ ಕಡಿದಿದೆ, ಇಷ್ಟು ಸಾಕು. ಸಮಾಜ ಪಾಠದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟು ಸಿಗಲಿಕ್ಕಿಲ್ಲ. ಕೇರಳದಲ್ಲಿ ಗ್ರಾಮಸಭೆ ವಾರ್ಡಿಗೊಂದು ಇರುತ್ತದೆ. ಅಲ್ಲಿ ಆ ನಕ್ಷೆ ಇಟ್ಟು, ದಾರಿಗಳನ್ನು ಪಂಚಾಯತಿನ ಆಸ್ತಿ ರಿಜಿಸ್ಟರಿಗೆ ಸೇರಿಸಲು ಹೇಳಬಹುದು. ಮೀಟಿಂಗಿಗೆ ನಾವು ಹೋಗಬೇಕು, ಅಷ್ಟೇ.

ಕಾನೂನಿನ ಒಂದು ಮಾತು ಎಲ್ಲರಿಗೂ ಗೊತ್ತಿರಲಿ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಬೇರೆಯವರ ಜಾಗದ ದಾರಿಯನ್ನು ಅಡ್ಡಿ ಇಲ್ಲದೆ, ಕೃಪೆಯಿಂದಲ್ಲ ಹಕ್ಕಿನಿಂದ ಎಂಬಂತೆ, 20 ವರ್ಷ ಬಳಸಿದರೆ ನಡೆಯುವ ಹಕ್ಕು ಹುಟ್ಟುತ್ತದೆ. ಆದರೆ ದಾರಿ ಮುಚ್ಚಿದ ಮೇಲೆ ಎರಡು ವರ್ಷ ಸುಮ್ಮನೆ ಕೂತರೆ ಆ 20 ವರ್ಷದ ಲೆಕ್ಕವನ್ನು ಕೋರ್ಟಿನಲ್ಲಿ ನಿಲ್ಲಿಸುವುದು ಕಷ್ಟ. ಕೋರ್ಟಿಗೆ ಹೋಗಿ ಎಂದು ಹೇಳುವುದಲ್ಲ. ನೆರೆಕರೆಯವರ ನಡುವೆ ಕೇಸು ಬಂದರೆ ದಾರಿ ಸಿಕ್ಕರೂ ಮಾತು ಹೋಗುತ್ತದೆ. ಬೇಲಿ ಹಾಕುವವರಿಗೂ ಅವರದ್ದೇ ಕಾರಣ ಇರುತ್ತದೆ. ಅಡಿಕೆ ಕದಿಯುತ್ತಾರೆ, ದನ ನುಗ್ಗುತ್ತದೆ, ಹಂದಿ ಕಾಟ. ಬೇಲಿ ಇರಲಿ, ಒಂದು ತಡಮೆಯೂ ಇರಲಿ ಎಂದು ಕೂತು ಮಾತಾಡಿದರೆ ಹೆಚ್ಚಿನ ಕಡೆ ಮುಗಿಯುವ ವಿಷಯ. ಆದರೆ ಆ ಮಾತು ಬೇಗ ಆಗಬೇಕು, ದಾರಿಗೆ ಕಾಡು ಹಿಡಿಯುವ ಮೊದಲು.

‘ಬೆಟ್ಟದ ಜೀವ’ದ ಕೊನೆಯಲ್ಲಿ ಓದುಗನ ಮನಸ್ಸಿನಲ್ಲಿ ಉಳಿಯುವುದು ಇನ್ನೂ ಕಾಯುತ್ತಿರುವ ಮುದಿ ದಂಪತಿ. ದಾರಿ ಇದ್ದರೆ ಮಗ ಬರುತ್ತಾನೆ ಎಂಬ ಭರವಸೆಯನ್ನು ಕಾರಂತರು ಕೊಡುವುದಿಲ್ಲ, ಅದು ಅವರ ಪ್ರಾಮಾಣಿಕತೆ. ದಾರಿ ಹೋಗುವುದಕ್ಕೂ ಇರುವುದು, ಬರುವುದಕ್ಕೂ ಇರುವುದು. ನಮ್ಮ ಊರುಗಳಿಂದಲೂ ಮಕ್ಕಳು ಬೆಂಗಳೂರಿಗೆ, ಗಲ್ಫಿಗೆ ಹೋಗಿದ್ದಾರೆ, ಕಟ್ಟಪುಣಿ ಸರಿಮಾಡಿದ ಮಾತ್ರಕ್ಕೆ ಅವರು ವಾಪಸು ಬರಲಿಕ್ಕಿಲ್ಲ. ಆದರೆ ಮಗ ಬಾರದ ಆ ಮನೆಗೆ ದೇರಣ್ಣ ಬರುತ್ತಾನೆ, ಬಟ್ಯ ಬರುತ್ತಾನೆ, ನಾರಾಯಣ ಬರುತ್ತಾನೆ, ದಾರಿ ತಪ್ಪಿದ ಪರವೂರಿನವನೂ ಬರುತ್ತಾನೆ. ಗೋಪಾಲಯ್ಯನವರು ಒಂಟಿಯಾಗದೆ ಉಳಿದದ್ದು ಅದರಿಂದ. ನಮ್ಮಲ್ಲಿ ಮಕ್ಕಳು ದೂರ ಇರುವ ಎಷ್ಟೋ ಮನೆಗಳಲ್ಲಿ ಇಬ್ಬರೇ ಮುದುಕರು ಇದ್ದಾರೆ. ಅವರ ಅಂಗಳಕ್ಕೆ ನೆರೆಮನೆಯಿಂದ ನಡೆದು ಬರುವ ದಾರಿ ಈ ಮಳೆಗಾಲ ಮುಗಿಯುವಾಗ ಉಂಟಾ ಇಲ್ಲವಾ ಎಂದು ನೋಡುವುದು ನಮ್ಮ ಕೆಲಸ. ಸಂಕಕ್ಕೆ ಬೇಕಾದ ನಾಲ್ಕು ಅಡಿಕೆ ಮರ ಯಾರ ತೋಟದಲ್ಲೂ ಸಿಗುತ್ತದೆ.